ರಣಹದ್ದಿನ ದೂರದ ದಾರಿ

ಮಳೆಗಾಲ ಹಿಡಿದ ಮೇಲೆ ಸೊರಬ ತಾಲ್ಲೂಕಿನ ಗುಡವಿ ಕೆರೆಗೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಕೆಂಬರಲುಗಳು ಬಂದು ಗೂಡು ಕಟ್ಟುತ್ತವೆ. ನೀರು, ಮೀನು ಇರುವ ತನಕ ಅವುಗಳ ವಾಸ. ಶಿಕಾರಿಪುರ, ಸೊರಬದವರಿಗೆ ಇದು ಹೊಸದಲ್ಲ. ರಣಹದ್ದಿನ ಲೆಕ್ಕ ಬೇರೆ. ಅದರ ಓಡಾಟ ನಿಂತಿರುವುದು ಕಾದ ನೆಲ ಮತ್ತು ಸತ್ತ ದನದ ಮೇಲೆ.

ಐದು ಕಿಲೊ ಆಸುಪಾಸು ತೂಗುವ ಈ ಹಕ್ಕಿ ದಿನವಿಡೀ ರೆಕ್ಕೆ ಬಡಿದರೆ ತಿಂದದ್ದೆಲ್ಲ ಹಾರಾಟಕ್ಕೇ ಕರಗಿಹೋದೀತು. ಹಾಗಾಗಿ ಬಿಸಿಲೇರುವವರೆಗೆ ಅದು ಕೂತಲ್ಲೇ ಕಾಯುತ್ತದೆ. ನೆಲ ಕಾದು ಬಿಸಿಗಾಳಿ ಕಂಬದಂತೆ ಮೇಲೆದ್ದಾಗ ಅದರೊಳಗೆ ಸುತ್ತುತ್ತ ಏರಿ, ಎತ್ತರ ಸಿಕ್ಕಮೇಲೆ ರೆಕ್ಕೆ ಚಾಚಿ ಮುಂದಿನ ಬಿಸಿಗಾಳಿಯವರೆಗೆ ಜಾರುತ್ತ ಸಾಗುತ್ತದೆ. ಗುಡ್ಡಕ್ಕೆ ಬಡಿದು ಮೇಲೇಳುವ ಗಾಳಿಯೂ ನೆರವಿಗೆ ಬರುತ್ತದೆ. ಮೋಡ ಕವಿದು ಜಡಿಮಳೆ ಹೊಯ್ಯುವ ದಿನ ದೂರ ಪ್ರಯಾಣ ಕಷ್ಟ.

ಹಕ್ಕಿ ಎಷ್ಟು ದೂರ ಅಲೆಯುತ್ತದೆ ಎಂಬುದಕ್ಕೆ ವಯಸ್ಸೂ ಮುಖ್ಯ. ಬೆಳೆದ ಜೋಡಿ ಇಡುವುದು ಒಂದೇ ಮೊಟ್ಟೆ. ಗಂಡು, ಹೆಣ್ಣು ಸರದಿಯಲ್ಲಿ ಕಾವು ಕೊಡುತ್ತವೆ. 2012ರಲ್ಲಿ ರಣಹದ್ದು ಧಾಮವಾದ ರಾಮನಗರದ ರಾಮದೇವರ ಬೆಟ್ಟದಂಥ ಬಂಡೆಗಳು ಕೆಲವು ಜಾತಿಯ ರಣಹದ್ದುಗಳಿಗೆ ನೆಲೆ. ಮೇವಿಗೆ ಎಷ್ಟು ದೂರ ಹೋದರೂ ಮರಿಯ ಬಳಿ ಮರಳಲೇಬೇಕು.

ಎಳೆಯ ಹಕ್ಕಿಗೆ ಆ ಕಟ್ಟು ಇಲ್ಲ. 2024ರಲ್ಲಿ ಮಹಾರಾಷ್ಟ್ರದ ತಾಡೋಬಾ ಕಾಡಿನಲ್ಲಿ ಜಿಪಿಎಸ್ ಕಟ್ಟಿ ಬಿಟ್ಟ ಬಿಳಿಬೆನ್ನಿನ ರಣಹದ್ದೊಂದು ಛತ್ತೀಸಗಢ, ಗುಜರಾತ್ ಸುತ್ತಿ, ಕರ್ನಾಟಕ ದಾಟಿ ತಮಿಳುನಾಡು ಸೇರಿತು. ಸಾಗಿದ ದೂರ ಸುಮಾರು 4000 ಕಿಲೋಮೀಟರ್! ಅಲ್ಲಿಯವರೆಗೆ ಪಂಜರದ ಆಸರೆಯಲ್ಲಿದ್ದ ಹಕ್ಕಿ ಅಷ್ಟು ನಾಡುಗಳನ್ನು ತಾನೇ ದಾಟಿತೆಂಬುದು ಸಣ್ಣ ಮಾತಲ್ಲ.

ಇನ್ನು ಆಹಾರ. ದನ ಇಂದು ಇಲ್ಲಿ ಸತ್ತರೆ ನಾಳೆ ಇನ್ನೆಲ್ಲೋ. ಅದನ್ನು ಹುಡುಕಿಯೇ ರಣಹದ್ದು ಜಿಲ್ಲೆಗಳನ್ನು ದಾಟುವುದು, ಅಪಾಯವೂ ಅಲ್ಲೇ ಇರುವುದು. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಪಡೆದು ಸತ್ತ ದನವನ್ನು ತಿಂದರೆ ರಣಹದ್ದಿನ ಮೂತ್ರಪಿಂಡ ಕೆಟ್ಟು ಅದು ಕೆಲವೇ ದಿನಗಳಲ್ಲಿ ಸಾಯುತ್ತದೆ. ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಅಳಿದದ್ದು ಹೀಗೆಯೇ. 2006ರಲ್ಲಿ ಜಾನುವಾರುಗಳಿಗೆ ಈ ಮದ್ದು ನಿಷೇಧವಾಯಿತು; 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ ಎಂಬ ಮದ್ದುಗಳಿಗೂ ತಡೆ ಬಿತ್ತು.

ಇಷ್ಟು ದೂರ ಅಲೆಯುವ ಹಕ್ಕಿಯನ್ನು ಧಾಮದ ಬೇಲಿಯೊಂದೇ ಕಾಯಲಾರದು. ಅದರ ದಾರಿಯಲ್ಲಿರುವ ಪ್ರತಿ ಊರಿನ ಕೊಟ್ಟಿಗೆಯೂ ಅದರ ಉಳಿವಿಗೆ ಸೇರಿದ್ದೇ. ಹಸುವಿಗೆ ನೋವಿನ ಇಂಜೆಕ್ಷನ್ ಕೊಡಿಸುವಾಗ ಮೆಲಾಕ್ಸಿಕಾಮ್ ಆಗುತ್ತದೆಯೇ ಎಂದು ಪಶುವೈದ್ಯರನ್ನು ಕೇಳಬಹುದು; ರಣಹದ್ದಿಗೆ ಅದು ಸುರಕ್ಷಿತವೆಂದು ಪರೀಕ್ಷೆಗಳು ತೋರಿಸಿವೆ.