ನಮ್ಮ ಖೋಲಿಯ ವಿದ್ಯಾರ್ಥಿಯ ಕಡೆಯ ವಾರ

(ಸಂಘದ ರಾತ್ರಿ ಶಾಲೆಯ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)



ಏಳನೆಯ ಇಯತ್ತೆಯವರೆಗೆ ಓದಿದ ನಾವು ವಿಜ್ಞಾನದ ಮಾತನ್ನು ಎತ್ತಿದರೆ ಹಿಂದಿನ ಸಾಲಿನವರಿಗೆ ನಗು ಬರುವುದು ಸಹಜ. ನಗಲಿ. ನಾವು ಹೇಳಹೊರಟಿರುವುದು ನಮ್ಮ ಖೋಲಿಯಲ್ಲಿಯೇ ನಡೆದ ಸಂಗತಿ.

ಈ ಬೇಸಿಗೆಯಲ್ಲಿ ನಮ್ಮ ಚಹದ ಭಟ್ಟಿಯ ಅಣ್ಣನ ಮಗ ಕುಂದಾಪುರದ ಕಡೆಯಿಂದ ಬಂದಿದ್ದ. ಬಿ.ಎಸ್‌ಸಿ. ಓದುವ ಹುಡುಗ. ಮುಂಬಯಿಯ ಒಂದು ವಿಜ್ಞಾನ ಸಂಸ್ಥೆಯಲ್ಲಿ ಅವನಿಗೆ ಎಂಟು ವಾರದ ತರಬೇತಿ ಸಿಕ್ಕಿತ್ತು. ಇಂಟರ್ನ್‌ಶಿಪ್ ಎನ್ನುತ್ತಾರೆ. ವಸತಿಗೃಹದಲ್ಲಿ ಜಾಗ ಸಿಗಲಿಲ್ಲ. ಒಂಬತ್ತು ಮಂದಿ ಮಲಗುವ ಖೋಲಿಯಲ್ಲಿ ಹತ್ತನೆಯವನಾದ. ಅವನ ಚಾಪೆ ಬಾಗಿಲ ಬಳಿ. ರಾತ್ರಿ ಪಾಳಿಯವರು ಅವನನ್ನು ದಾಟಿಕೊಂಡೇ ಹೋಗಬೇಕು.

ಅವನ ಕೆಲಸವೇನೆಂದರೆ ಎಣಿಸುವುದು. ಕಾಸ್ಮಿಕ್ ಕಿರಣಗಳೆಂದು ಆಕಾಶದಿಂದ ಸದಾ ಬೀಳುತ್ತಿರುತ್ತವೆ. ಅವು ನಮ್ಮ ತಲೆಯ ಮೇಲೆ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಗೆ ಬಡಿದಾಗ ಮ್ಯೂಯಾನ್ ಎಂಬ ಸಣ್ಣ ಕಣಗಳು ಉಂಟಾಗುತ್ತವೆ. ಸಮುದ್ರದ ಮಟ್ಟದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ ನಿಮಿಷಕ್ಕೆ ಸುಮಾರು ಒಂದು ಹಾದುಹೋಗುತ್ತದೆ. ಎರಡಡಿ ಉದ್ದ, ಎರಡಡಿ ಅಗಲದ ದೋಸೆ ಕಾವಲಿಯನ್ನು ಲೆಕ್ಕ ಹಾಕಿದೆವು. ನಿಮಿಷಕ್ಕೆ ಸುಮಾರು ಮೂರೂವರೆ ಸಾವಿರ! ದೋಸೆಯವನು ಅಂದಿನಿಂದ ಕಾವಲಿಯನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದಾನೆ.

ಇವುಗಳ ಆಯುಸ್ಸು ಸರಾಸರಿ 2.2 ಮೈಕ್ರೊಸೆಕೆಂಡು. ಒಂದು ಸೆಕೆಂಡನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಇದನ್ನು ಅಳೆಯುವ ಯಂತ್ರ ಹೀಗಿದೆ: ಒಂದು ಬಗೆಯ ಪ್ಲಾಸ್ಟಿಕ್ಕಿನ ಗಟ್ಟಿಯೊಳಗೆ ಕಣ ಬಂದು ನಿಂತಾಗ ಒಂದು ಮಿಂಚು, ಅದು ಸತ್ತಾಗ ಇನ್ನೊಂದು ಮಿಂಚು. ಎರಡರ ನಡುವಿನ ಕಾಲವನ್ನು ಯಂತ್ರ ಬರೆದುಕೊಳ್ಳುತ್ತದೆ. ಇಂಥ ಸಾವಿರಾರು ಜೋಡಿ ಕೂಡಿಸಿ ಸರಾಸರಿ ಆಯುಸ್ಸು ತೆಗೆಯಬೇಕು.

1982ರ ಮುಷ್ಕರದ ನಂತರ ಮತ್ತೆ ಗಿರಣಿಯ ಒಳಗೆ ಕಾಲಿಡದ ನಮ್ಮ ಹಿರಿಯರೊಬ್ಬರಿದ್ದಾರಲ್ಲ, ಅವರು ಕೇಳಿದರು: “ಎರಡನೆಯ ಮಿಂಚು ಅದೇ ಕಣದ್ದೆಂದು ಹೇಗೆ ಗೊತ್ತು? ಬೇರೆಯದ್ದು ಬಂದಿರಬಹುದಲ್ಲ?” ಹುಡುಗ ಬೆರಗಾದ. ಹಾಗೆ ಅಕಸ್ಮಾತ್ ಬಂದವು ಎಲ್ಲ ಹೊತ್ತಿಗೂ ಒಂದೇ ಸಮನಾಗಿ ಹರಡಿರುತ್ತವೆ, ಅಷ್ಟನ್ನು ಲೆಕ್ಕದಿಂದ ಕಳೆಯುತ್ತಾರೆ ಎಂದ. ತನ್ನ ಮಾರ್ಗದರ್ಶಕರು ಮೊದಲ ದಿನ ಕೇಳಿದ್ದೂ ಇದೇ ಪ್ರಶ್ನೆಯಂತೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಕಾರ್ಮಿಕರು ಅಗೆದ ಸುರಂಗದೊಳಗೆ, ಏಳು ಸಾವಿರ ಅಡಿಗೂ ಕೆಳಗೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಯಂತ್ರಗಳನ್ನಿಟ್ಟಿದ್ದರು. ಮ್ಯೂಯಾನುಗಳೂ ಬಹುಮಟ್ಟಿಗೆ ತಲುಪದ ಆ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು 1965ರಲ್ಲಿ ಸಿಕ್ಕಿತು. ಗಣಿ 2001ರಲ್ಲಿ ಮುಚ್ಚಿತು.

ಇನ್ನು ಕಡೆಯ ವಾರದ ಮಾತು. ಸೋಮವಾರ ಬೆಳಿಗ್ಗೆ ನೋಡಿದರೆ ಯಂತ್ರದ ಎಣಿಕೆ ಮೂರರಲ್ಲಿ ಒಂದು ಪಾಲಿಗೆ ಇಳಿದಿದೆ. ಒಂದು ಕೇಬಲ್ ಸಡಿಲವಾಗಿತ್ತು. ಐದು ದಿನದ ಲೆಕ್ಕ ಮಣ್ಣುಪಾಲು. ಗುರುವಾರ ಎಲ್ಲರೆದುರು ಭಾಷಣ, ಶುಕ್ರವಾರ ವರದಿ, ಶನಿವಾರ ರೈಲು. ಅಲ್ಲಿದ್ದ ಒಬ್ಬರು ಅಂದರಂತೆ: “ಕಸ ಗುಡಿಸುವವಳ ಪೊರಕೆ ತಾಗಿರಬೇಕು.” ಅಷ್ಟು ಸಾಕಾಯಿತು. ಆಕೆ ಗುತ್ತಿಗೆಯ ಆಳು. ಗುತ್ತಿಗೆದಾರ ನಾಳೆಯಿಂದ ಬರಬೇಡ ಎಂದ.

ಯಾವ ದಿನದಿಂದ ಲೆಕ್ಕ ಬಿಡಬೇಕೆಂದು ನೋಡಲು ಮಂಗಳವಾರ ಹುಡುಗ ತನ್ನ ದಿನಚರಿ ಪುಸ್ತಕ ತೆಗೆದ. ಅದರಲ್ಲಿ ಮಾಡಿದ್ದನ್ನೆಲ್ಲ ಗಂಟೆ ಸಮೇತ ಶಾಯಿಯಲ್ಲಿ ಬರೆಯಬೇಕು, ತಪ್ಪಿದರೆ ಒಂದು ಗೆರೆ ಎಳೆಯಬೇಕು, ಅಳಿಸಕೂಡದು, ಹಾಳೆ ಹರಿಯಕೂಡದು. ಹಿಂದಿನ ಬುಧವಾರ ಸಂಜೆ ಐದಕ್ಕೆ ಎಣಿಕೆ ಸರಿ. ಆರಕ್ಕೆ ಇಳಿದಿದೆ. ನಡುವೆ ಅವನದೇ ಅಕ್ಷರ: ಮಳೆಯ ಇರಚಲು ಬರುತ್ತಿದ್ದುದರಿಂದ ಮೇಜನ್ನು ಕಿಟಕಿಯಿಂದ ಸರಿಸಿದೆ. ಆಕೆ ಗುಡಿಸುವುದು ಬೆಳಿಗ್ಗೆ ಏಳಕ್ಕೆ.

ಅಂದು ರಾತ್ರಿ ಅವನು ಅನ್ನ ಮುಟ್ಟಲಿಲ್ಲ. ಮುಂದೆ ಎಂ.ಎಸ್‌ಸಿ.ಗೆ ಸೇರಲು ಆ ಮಾರ್ಗದರ್ಶಕರ ಪತ್ರ ಬೇಕು. ಕೇಳಿದ, ಏನು ಮಾಡಲಿ ಎಂದು. ಬಂಧುಗಳೇ, ಸಂಘದ ಕೆಲಸ ಮಾಡುವ ನಾವು ಏನು ಹೇಳಿದೆವು ಗೊತ್ತೇ? “ಇನ್ನು ನಾಲ್ಕು ದಿನ, ಸುಮ್ಮನಿರು” ಎಂದೆವು. ನಮ್ಮ ಮನೆಯ ಹುಡುಗ ಮೇಲೆ ಬರಲಿ ಎಂಬ ಆಸೆ. ಇದನ್ನು ಇಂದು ನಿಮ್ಮೆದುರು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಗಿರಣಿಯ ಹಿರಿಯರು ಚಾಪೆಯಿಂದ ಎದ್ದು ಕುಳಿತರು. “ಬಟ್ಟೆಯಲ್ಲಿ ದೋಷ ಕಂಡರೆ ನೇಯುವವನ ಪಗಾರ ಕಡಿಯುತ್ತಿದ್ದರು. ನೂಲು ಕೆಟ್ಟದ್ದೋ ಮಗ್ಗ ಕೆಟ್ಟದ್ದೋ ಕೇಳುವವರಿಲ್ಲ. ನಿಮ್ಮ ಹೋಟೇಲಿನಲ್ಲಿ ಕಪ್ಪು ಒಡೆದರೆ ಯಾರ ಪಗಾರ ಹೋಗುತ್ತದೆ?” ನಾವು ಯಾರೂ ಉತ್ತರಿಸಲಿಲ್ಲ. ಕಪ್ಪು ತೊಳೆಯುವ ಹುಡುಗ ನಮ್ಮ ಪಕ್ಕದಲ್ಲಿಯೇ ಮಲಗಿದ್ದ. ನಿದ್ದೆ ಬಂದಿತ್ತೋ ಇಲ್ಲವೋ.

ಬುಧವಾರ ಬೆಳಿಗ್ಗೆ ಹುಡುಗ ಪುಸ್ತಕ ತೆಗೆದುಕೊಂಡು ಹೋಗಿ ತೋರಿಸಿದ. ಮಾರ್ಗದರ್ಶಕರು ಬೈಯಲಿಲ್ಲವಂತೆ, ಹೊಗಳಲೂ ಇಲ್ಲ. “ವರದಿಯಲ್ಲಿ ಬರೆ” ಎಂದರು, ಗುತ್ತಿಗೆದಾರನಿಗೆ ಫೋನು ಮಾಡಿದರು. ಆಕೆಗೆ ಎರಡು ದಿನದ ಕೂಲಿ ಸಿಕ್ಕಿತು. ಆದರೆ ಕೆಲಸ ಬೇರೆ ಕಟ್ಟಡಕ್ಕೆ ಹೋಯಿತು, ಮನೆಯಿಂದ ದೂರ. ಅದು ಸರಿಯಾಗಲಿಲ್ಲ.

ಆ ರಾತ್ರಿ ಹೋಟೇಲಿನ ಬಾಗಿಲು ಎಳೆದ ಮೇಲೆ ಹುಡುಗ ತನ್ನ ಭಾಷಣವನ್ನು ನಮ್ಮೆದುರು ಕನ್ನಡದಲ್ಲಿ ಹೇಳಿ ನೋಡಿದ. ಉಳಿದ ದಿನಗಳ ಲೆಕ್ಕದಿಂದ ಅವನಿಗೆ ಸಿಕ್ಕಿದ್ದು 2.10, ಹೆಚ್ಚುಕಡಿಮೆ 0.04. ಪುಸ್ತಕದಲ್ಲಿರುವುದು 2.197. “2.2 ಎಂದೇ ಬರೆದುಬಿಡು ಮಾರಾಯ” ಎಂದ ನಮ್ಮ ಗಲ್ಲೆಯವನು. ಹುಡುಗ ಒಪ್ಪಲಿಲ್ಲ. ಋಣ ವಿದ್ಯುತ್ತಿನ ಮ್ಯೂಯಾನುಗಳಲ್ಲಿ ಕೆಲವನ್ನು ಪ್ಲಾಸ್ಟಿಕ್ಕಿನಲ್ಲಿರುವ ಇಂಗಾಲದ ಅಣುಬೀಜ ನುಂಗಿಬಿಡುತ್ತದೆ, ಆದ್ದರಿಂದ ಸರಾಸರಿ ತುಸು ಕಡಿಮೆ ಬರಲೇಬೇಕು, 2.2 ಎಂದು ಬರೆದಿದ್ದರೆ ಅದೇ ಸುಳ್ಳು ಎಂದು ಕಾಣುತ್ತಿತ್ತು ಎಂದ. ಗುರುವಾರ ಹೀಗೆಯೇ ಇಂಗ್ಲಿಷಿನಲ್ಲಿ ಹೇಳಿ ಬಂದ. ಐದು ದಿನದ ಲೆಕ್ಕ ಹೋದದ್ದು ತನ್ನ ಕೈತಪ್ಪೆಂದೂ ಹೇಳಿದ. ಪತ್ರ ಬರುವುದೋ ಇಲ್ಲವೋ, ಇನ್ನೂ ತಿಳಿದಿಲ್ಲ.

ಶನಿವಾರ ಮತ್ಸ್ಯಗಂಧಾ ಗಾಡಿಗೆ ಅವನನ್ನು ಹತ್ತಿಸಲು ನಾವು ನಾಲ್ವರು ಹೋಗಿದ್ದೆವು. ಬರೆಯದೆ ಉಳಿದ ಒಂದು ನೋಟುಪುಸ್ತಕವನ್ನು ಕೊಟ್ಟು ಹೋದ. ಅದರಲ್ಲಿ ನಾವು ಈಗ ಕೆಲಸಕ್ಕೆ ನಿಂತ ಹೊತ್ತು, ಬಿಟ್ಟ ಹೊತ್ತು ಬರೆಯುತ್ತಿದ್ದೇವೆ. ಮಾಲಕರ ಹಾಜರಿ ಪುಸ್ತಕದಲ್ಲಿ ನಮ್ಮ ದಿನ ಎಷ್ಟು ಗಂಟೆಯದೆಂದು ನಿಮಗೆ ಗೊತ್ತು, ನಮ್ಮ ಕಾಲುಗಳಿಗೂ ಗೊತ್ತು. 2017ರ ಮಹಾರಾಷ್ಟ್ರ ಅಂಗಡಿ ಕಾಯ್ದೆ ಅನ್ವಯವಾಗುವ ಕಡೆ ವಾರಕ್ಕೆ 48 ಗಂಟೆ. ಮೇಲ್ಗೆಲಸಕ್ಕೆ ಎರಡು ಪಟ್ಟು ಪಗಾರ. ಕೇಳಹೋದಾಗ ಆಧಾರವೇನು ಎನ್ನುತ್ತಾರೆ.

ಸಂಘ ಇನ್ನೂರು ನೋಟುಪುಸ್ತಕ ತರಿಸಿದೆ. ಬಾಗಿಲ ಬಳಿಯ ಮೇಜಿನ ಮೇಲಿವೆ. ಶಾಯಿಯಲ್ಲಿ ಬರೆಯಿರಿ, ಗಂಟೆ ಹಾಕಿ ಬರೆಯಿರಿ, ಹಾಳೆ ಹರಿಯಬೇಡಿ. ಬರೆಯಲು ಬಾರದವರು ಮಂಗಳವಾರ ರಾತ್ರಿ ಹನ್ನೊಂದರ ತರಗತಿಗೆ ಬನ್ನಿ. ಚಹ ತಯಾರಾಗಿದೆಯಂತೆ, ನಮ್ಮ ಅಣ್ಣನೇ ಮಾಡಿದ್ದು.