ಆಸ್ಪತ್ರೆಯ ನೆಟ್‌ವರ್ಕಿಗೆ ‘ಝೀರೋ ಟ್ರಸ್ಟ್’: ನಾನು ಕಲಿಯುತ್ತಿರುವುದು

(ಮಹಿಳಾ ವಿಭಾಗದ ಕಾರ್ಯಕ್ರಮದಲ್ಲಿ ಮಾಡಿದ ಭಾಷಣ)



ಪುಣೆಯ ಒಂದು ಮಧ್ಯಮ ಗಾತ್ರದ ಆಸ್ಪತ್ರೆಯ ಐ.ಟಿ. ವಿಭಾಗದಲ್ಲಿ ನನ್ನ ಕೆಲಸ. ಎರಡು ವರ್ಷಗಳಿಂದ ಅಲ್ಲಿನ ನೆಟ್‌ವರ್ಕನ್ನು ‘ಝೀರೋ ಟ್ರಸ್ಟ್’ ಪದ್ಧತಿಗೆ ತರುತ್ತಿದ್ದೇವೆ. ಕಲಿಯುತ್ತಲೇ ಮಾಡುತ್ತಿದ್ದೇನೆ, ಪೂರ್ತಿ ಗೊತ್ತಿರುವವಳಂತೆ ಮಾತಾಡುವುದಿಲ್ಲ.

2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ ಸೈಬರ್ ದಾಳಿಯಾದದ್ದು ನಿಮಗೆ ನೆನಪಿರಬಹುದು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದಾಳಿಕೋರರು ಬೀಗ ಹಾಕಿದರು. ಎಷ್ಟೋ ದಿನ ಎಲ್ಲವನ್ನೂ ಕೈಯಲ್ಲೇ ಬರೆಯಬೇಕಾಯಿತು. ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸಿರಲಿಲ್ಲ ಎಂಬುದೇ ಸಂಸತ್ತಿನಲ್ಲಿ ಸರಕಾರ ಹೇಳಿದ ಕಾರಣ. ಆ ಉತ್ತರ ಓದಿದ ಮೇಲೆ ನಮ್ಮ ಆಡಳಿತ ಮಂಡಳಿಗೆ ನಾವು ಹೆಚ್ಚು ವಿವರಿಸಬೇಕಾಗಲಿಲ್ಲ.

ಹಳೆಯ ಪದ್ಧತಿ ಹೇಗೆಂದರೆ, ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಇದ್ದಾನೆ, ಒಳಗಿನ ಮನೆಗಳಿಗೆ ಚಿಲಕವೇ ಇಲ್ಲ. ಗೇಟು ದಾಟಿದವನಿಗೆ ಎಲ್ಲ ಮನೆಯೂ ತೆರೆದದ್ದೇ. ನೆಟ್‌ವರ್ಕಿನ ಒಳಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ನಂಬಬಾರದು ಎಂದು 2010ರಲ್ಲಿ ಫಾರೆಸ್ಟರ್ ಸಂಸ್ಥೆಯ ಜಾನ್ ಕಿಂಡರ್‌ವಾಗ್ ಬರೆದರು. ‘ಝೀರೋ ಟ್ರಸ್ಟ್’ ಎಂಬ ಹೆಸರು ಹರಡಿದ್ದು ಅಲ್ಲಿಂದ. 2020ರಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆ ಇದರ ಬಗ್ಗೆ 800-207 ಎಂಬ ಕೈಪಿಡಿ ತಂದಿತು. ಅದು ಉಚಿತವಾಗಿ ಸಿಗುತ್ತದೆ. ನಿಮ್ಮ ಮಕ್ಕಳು ಯಾರಾದರೂ ಈ ವಿಷಯ ಕಲಿಯಬೇಕೆಂದಿದ್ದರೆ ಅಲ್ಲಿಂದಲೇ ಶುರು ಮಾಡಲಿ, ಕಂಪನಿಗಳ ಜಾಹೀರಾತಿನಿಂದ ಬೇಡ. ಝೀರೋ ಟ್ರಸ್ಟ್ ಡಬ್ಬಿಯಲ್ಲಿ ಸಿಗುವ ಸಾಮಾನಲ್ಲ.

ಕಷ್ಟ ಎದುರಾದದ್ದು ಆ ಹೆಸರಿನಿಂದ. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಲೆಕ್ಕಪತ್ರ ವಿಭಾಗದಲ್ಲಿರುವ ತಾಯಿಯೊಬ್ಬರು ಮೀಟಿಂಗಿನಲ್ಲೇ ಮರಾಠಿಯಲ್ಲಿ ಕೇಳಿದರು: “ಇಷ್ಟು ವರ್ಷ ದುಡಿದಿದ್ದಕ್ಕೆ ನಮ್ಮ ಮೇಲಿನ ವಿಶ್ವಾಸ ಸೊನ್ನೆಯೇ?” ಅವರಿಗೆ ಬೇಸರವಾಗಿತ್ತು. ನಾನು ಬ್ಯಾಂಕಿನ ಲಾಕರ್ ವಿಷಯ ಹೇಳಿದೆ. ಮೂವತ್ತು ವರ್ಷದ ಗ್ರಾಹಕರಾದರೂ ಪ್ರತಿ ಸಲ ಸಹಿ ಹಾಕಬೇಕು, ಬ್ಯಾಂಕಿನವರ ಬೀಗದ ಕೈಯೂ ಸೇರಬೇಕು, ತೆರೆಯುವುದು ನಿಮ್ಮ ಲಾಕರ್ ಮಾತ್ರ. ಅದನ್ನು ನಾವು ಅವಮಾನ ಅಂದುಕೊಳ್ಳುವುದಿಲ್ಲ; ಪಕ್ಕದ ಲಾಕರಿನಲ್ಲಿ ಏನಾದರೂ ಕಳೆದರೆ ನಮ್ಮ ಮೇಲೆ ಅನುಮಾನ ಬಾರದಂತೆ ಕಾಯುವುದೂ ಅದೇ ಸಹಿ. ಅವರು ನಗಲಿಲ್ಲ, ಆದರೆ ಮುಂದಿನ ವಾರ ತಮ್ಮ ವಿಭಾಗದ ಪಟ್ಟಿ ತಾವೇ ಬರೆದು ತಂದರು.

ಆ ಪಟ್ಟಿಯೇ ನಿಜವಾದ ಕೆಲಸ. ಮೊದಲು, ಏನನ್ನು ಕಾಯಬೇಕು ಎಂದು ಗುರುತಿಸಬೇಕು: ರೋಗಿಗಳ ದಾಖಲೆ, ಔಷಧಿ, ಬಿಲ್ಲು. ಆಮೇಲೆ ಯಾವುದರ ಜೊತೆ ಯಾವುದು ಮಾತಾಡುತ್ತದೆ ಎಂಬ ನಕ್ಷೆ. ನಾನು ನೋಟ್‌ಬುಕ್ ಹಿಡಿದು ಮೂರು ತಿಂಗಳು ವಾರ್ಡು ವಾರ್ಡು ತಿರುಗಿದೆ. ಸಿ.ಟಿ. ಸ್ಕ್ಯಾನ್ ಯಂತ್ರ ಚಿತ್ರ ಕಳಿಸಬೇಕಾದದ್ದು ಒಂದೇ ಸರ್ವರಿಗೆ. ಹಾಗಿದ್ದರೆ ಅದೊಂದೇ ದಾರಿ ತೆರೆದಿಟ್ಟು ಉಳಿದದ್ದೆಲ್ಲ ಮುಚ್ಚಬಹುದು. ಕ್ಯಾಂಟೀನಿನ ಟ್ಯಾಬ್ಲೆಟ್ಟಿಗೂ ಲ್ಯಾಬ್ ರಿಪೋರ್ಟಿಗೂ ಸಂಬಂಧವೇ ಇಲ್ಲ, ಆದರೂ ಎರಡೂ ಒಂದೇ ನೆಟ್‌ವರ್ಕಿನಲ್ಲಿದ್ದವು!

ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಐ.ಸಿ.ಯು.ದ ಸಿಸ್ಟರುಗಳಿಗೆ ತೋರಿಸಿದೆವು. ಪ್ರತಿ ಲಾಗಿನ್ನಿಗೂ ಮೊಬೈಲಿಗೆ ಓ.ಟಿ.ಪಿ. ಬರುವುದೆಂದು ಅದರಲ್ಲಿತ್ತು. ಕೇರಳದ ಹಿರಿಯ ಸಿಸ್ಟರ್ ಒಬ್ಬರು ಹಿಂದಿಯಲ್ಲಿ ಅಂದರು: “ರಾತ್ರಿ ಎರಡು ಗಂಟೆಗೆ, ಗ್ಲೌಸ್ ಹಾಕಿದ ಕೈಯಲ್ಲಿ ಮೊಬೈಲ್ ಹುಡುಕಲೋ, ರೋಗಿಯನ್ನು ನೋಡಲೋ?” ಯಾವ ಕೈಪಿಡಿಯೂ ನನಗೆ ಅಷ್ಟು ನೇರವಾಗಿ ಹೇಳಿರಲಿಲ್ಲ. ಈಗ ಪಾಳಿಯ ಆರಂಭದಲ್ಲಿ ಗುರುತಿನ ಕಾರ್ಡ್ ತಾಗಿಸಿ ಪಿನ್ ಒತ್ತಿದರೆ ಸಾಕು, ಅದೂ ಆ ವಾರ್ಡಿನ ಕಂಪ್ಯೂಟರಿನಲ್ಲಿ ಮಾತ್ರ. ಜೀವಕ್ಕೆ ತುರ್ತಾದಾಗ ಬೇರೆ ವಾರ್ಡಿನ ದಾಖಲೆಯೂ ತಕ್ಷಣ ತೆರೆಯುತ್ತದೆ, ತಡೆಯುವುದಿಲ್ಲ. ಆದರೆ ಆ ಕ್ಷಣವೇ ನಮಗೂ ವೈದ್ಯಕೀಯ ಅಧೀಕ್ಷಕರಿಗೂ ಸಂದೇಶ ಹೋಗುತ್ತದೆ, ತೆರೆದವರು ಬೆಳಗಾಗುವುದರೊಳಗೆ ಕಾರಣ ಬರೆಯಬೇಕು.

ಕೆಲಸ ಇನ್ನೂ ಮುಗಿದಿಲ್ಲ. ಲ್ಯಾಬಿನಲ್ಲಿ ಒಂದು ಹಳೆಯ ಯಂತ್ರವಿದೆ, ಅದರ ಸಾಫ್ಟ್‌ವೇರ್ ಇನ್ನು ಅಪ್‌ಡೇಟ್ ಆಗುವುದಿಲ್ಲ, ಹೊಸದು ಕೊಳ್ಳಲು ಸದ್ಯಕ್ಕೆ ಹಣವಿಲ್ಲ. ಅದಕ್ಕೆ ಪ್ರತ್ಯೇಕ ಗೋಡೆ ಕಟ್ಟಿ, ಒಂದೇ ಕಿಟಕಿ ಇಟ್ಟಿದ್ದೇವೆ. ಆ ಕಿಟಕಿಯಲ್ಲಿ ಏನು ಬಂತು, ಏನು ಹೋಯಿತು ಎಂದು ದಿನಾ ಬೆಳಿಗ್ಗೆ ನಾನೇ ನೋಡುತ್ತೇನೆ.