ಧಣಿ ಒಪ್ಪದ ಸಂಘಕ್ಕೆ ಸೇರಬೇಕೆ?

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಹಾಲಿನ ಸಂಘದ ಹಬ್ಬದಲ್ಲಿ ಇವನೇನು ಕಾರ್ಖಾನೆ ವಿಚಾರ ತೆಗೀತಾನೆ ಅಂತ ನೀವು ಕೇಳಬಹುದು. ಕಾರಣ ಇದೆ. ಬೆಳಿಗ್ಗೆ ಹಾಲಿನ ಗಾಡಿ ಬರುವ ಹೊತ್ತಿಗೇ ನಮ್ಮೂರ ಬಸ್ ಸ್ಟಾಪಿಗೆ ಗಾರ್ಮೆಂಟ್ಸ್ ಗಾಡಿಯೂ ಬರುತ್ತದೆ. ಡೇರಿಗೆ ಹಾಲು ಹಾಕಿದ ಹೆಣ್ಣುಮಕ್ಕಳೇ ಊಟದ ಡಬ್ಬಿ ಹಿಡಿದು ಮದ್ದೂರು, ಬಿಡದಿ, ಕುಂಬಳಗೋಡು ಕಡೆಗೆ ಹೊರಡುತ್ತಾರೆ. ಇವತ್ತು ನಮ್ಮ ಎಷ್ಟೋ ಮನೆಗಳು ನಡೆಯುತ್ತಿರುವುದು ಹಾಲಿನ ಬಟವಾಡೆ ಮತ್ತು ಗಾರ್ಮೆಂಟ್ಸ್ ಸಂಬಳ ಎರಡೂ ಸೇರಿ. ಆದ್ದರಿಂದ ಅವರ ಕಷ್ಟ ಸಂಘದ ಸದಸ್ಯರ ಕಷ್ಟವೇ.

ನಮ್ಮ ಅಣ್ಣನ ಮಗಳು ಇತ್ತೀಚೆಗೆ ಒಂದು ಪ್ರಶ್ನೆ ಕೇಳಿದಳು. "ಚಿಕ್ಕಪ್ಪ, ನಮ್ಮ ಲೈನಿನಲ್ಲಿ ನಾಲ್ಕು ಜನ ಯೂನಿಯನ್ನಿಗೆ ಸೇರೋಣ ಅಂತಿದ್ದಾರೆ. ಆದರೆ ಕಂಪನಿಯವರು ಯಾವ ಯೂನಿಯನ್ನನ್ನೂ ಒಪ್ಪೋದಿಲ್ಲ. ಒಪ್ಪದೇ ಇರೋದಕ್ಕೆ ಸೇರಿ ಏನು ಪ್ರಯೋಜನ?" ಪ್ರಶ್ನೆ ಅವಳೊಬ್ಬಳದಲ್ಲ. ಅನೇಕ ಮನೆಗಳಲ್ಲಿ ಇದೇ ಮಾತು ನಡೀತಿದೆ. ತಿಳಿದವರನ್ನು ಕೇಳಿ, ಓದಿ, ನನಗೆ ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಎರಡು ಮಾತುಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ಒಂದು ನೋಂದಣಿ, ಇನ್ನೊಂದು ಮಾನ್ಯತೆ. ನೋಂದಣಿ ಮಾಡುವುದು ಸರ್ಕಾರದ ರಿಜಿಸ್ಟ್ರಾರು. ಮಾನ್ಯತೆ ಅಂದರೆ ಮಾಲೀಕರು "ಇವರೊಡನೆ ಕೂತು ಮಾತಾಡುತ್ತೇವೆ" ಅಂತ ಒಪ್ಪುವುದು. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಅದಕ್ಕೆ ಮಾಲೀಕರ ಅಪ್ಪಣೆ ಬೇಕಿಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆಯಲ್ಲಿ ನೋಂದಣಿಗೆ ದಾರಿ ಇತ್ತು, ಮಾಲೀಕ ಮಾನ್ಯತೆ ಕೊಡಲೇಬೇಕೆಂಬ ಕಟ್ಟು ಇರಲಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮಾತುಕತೆಯ ಸಂಘ ಯಾವುದು ಎಂಬುದಕ್ಕೆ ಲೆಕ್ಕ ಬಂದಿದೆ. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ, ಹಾಜರಿ ಪುಸ್ತಕದಲ್ಲಿರುವ ಕಾರ್ಮಿಕರಲ್ಲಿ ನೂರಕ್ಕೆ 51 ಮಂದಿಯ ಬೆಂಬಲ ಇರುವ ಸಂಘವೇ ಮಾತುಕತೆಗೆ ಕೂರುತ್ತದೆ. ಈಗ ಯೋಚನೆ ಮಾಡಿ. ಮಾನ್ಯತೆ ಬಂದ ಮೇಲೆ ಸೇರ್ತೀನಿ ಅಂತ ಎಲ್ಲರೂ ಕೂತರೆ ಆ 51 ಮಂದಿ ಎಲ್ಲಿಂದ ಬರಬೇಕು?

ಇದು ನಮಗೆ ಗೊತ್ತಿಲ್ಲದ ಪಾಠವೇನಲ್ಲ. ಈ ಸಂಘ ಶುರುವಾದಾಗ ಊರಿನ ಹಾಲು ಕೊಳ್ಳುತ್ತಿದ್ದ ವ್ಯಾಪಾರಿ ನಮಗೆ ಮಾನ್ಯತೆ ಕೊಟ್ಟಿದ್ದನೇ? "ಸಂಘಕ್ಕೆ ಹಾಕಿದರೆ ನಾಳೆಯಿಂದ ನಿಮ್ಮ ಹಾಲು ಬೇಡ, ಕೊಟ್ಟಿರೋ ಮುಂಗಡ ವಾಪಸ್ ಕೊಡಿ" ಅಂದ. ಆದರೂ ಬೆರಳೆಣಿಕೆ ಮನೆಯವರು ಷೇರು ಕಟ್ಟಿ ಹಾಲು ಹಾಕಿದರು. ಕ್ಯಾನು ತುಂಬಿದ ಮೇಲೆ ಗಾಡಿ ಬಂತು, ಗಾಡಿ ಬಂದ ಮೇಲೆ ಊರು ಬಂತು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗಲೂ ಸಾಹುಕಾರರ ಒಪ್ಪಿಗೆಗೆ ಕಾಯಲಿಲ್ಲ. ಕಾರ್ಮಿಕರ ಕಥೆಯೂ ಅದೇ. ಮದ್ರಾಸಿನಲ್ಲಿ ಬಿ.ಪಿ. ವಾಡಿಯಾ ಅವರ ಮುಂದಾಳುತನದಲ್ಲಿ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿದ್ದು 1918ರಲ್ಲಿ, ಕಾಯ್ದೆ ಬಂದದ್ದು 1926ರಲ್ಲಿ. ಸದಸ್ಯರು ಮೊದಲು, ಮಾನ್ಯತೆ ಆಮೇಲೆ.

ಮಾನ್ಯತೆ ಇಲ್ಲದ ಸಂಘದಿಂದ ಅಲ್ಲಿಯವರೆಗೆ ಏನಾದರೂ ಉಪಯೋಗ ಉಂಟೇ? ಉಂಟು. ಪಿ.ಎಫ್. ಕಟ್ಟಿಲ್ಲ, ಇ.ಎಸ್.ಐ. ಕಾರ್ಡ್ ಕೊಟ್ಟಿಲ್ಲ, ಓಟಿ ದುಡ್ಡು ಬಂದಿಲ್ಲ, ಸುಮ್ಮನೆ ಕೆಲಸದಿಂದ ತೆಗೆದರು ಅಂತಾದಾಗ ಅರ್ಜಿ ಬರೆಯಲು, ಲೇಬರ್ ಆಫೀಸಿಗೆ ಜೊತೆಗೆ ಬರಲು, ಕೇಸು ನಡೆಸಲು ಜನ ಸಿಗುತ್ತಾರೆ. ಕನಿಷ್ಠ ವೇತನ ಮಾಲೀಕರು ಕೊಡುವ ದಾನವಲ್ಲ, ಕಾನೂನು. ಅದನ್ನು ಕೇಳುವುದಕ್ಕೆ ಮಾನ್ಯತೆ ಬೇಕಿಲ್ಲ.

ಉದಾಹರಣೆ ಹೇಳುತ್ತೇನೆ. 2020ರ ಏಪ್ರಿಲ್‌ನಿಂದ ಕೊಡಬೇಕಾಗಿದ್ದ ತುಟ್ಟಿಭತ್ಯೆ, ತಿಂಗಳಿಗೆ 417 ರೂಪಾಯಿಯಷ್ಟು, ನಮ್ಮ ರಾಜ್ಯದ ಗಾರ್ಮೆಂಟ್ಸ್ ಕಾರ್ಮಿಕರಿಗೆ ಸಿಗಲಿಲ್ಲ. ಬಹುಪಾಲು ಕಾರ್ಖಾನೆಗಳಲ್ಲಿ ಮಾನ್ಯತೆ ಇರುವ ಸಂಘವೇ ಇರಲಿಲ್ಲ. ಆದರೂ ಕಾರ್ಮಿಕ ಸಂಘದವರು ಹೈಕೋರ್ಟಿಗೆ ಹೋದರು, ಬಟ್ಟೆ ಕೊಳ್ಳುವ ವಿದೇಶಿ ಕಂಪನಿಗಳವರೆಗೂ ದೂರು ಮುಟ್ಟಿಸಿದರು. 2022ರಲ್ಲಿ ದೊಡ್ಡ ದೊಡ್ಡ ಕಂಪನಿಗಳು ಬಾಕಿ ಕೊಡಲು ಶುರು ಮಾಡಿದವು. ಸಂಘಕ್ಕೆ ಸೇರದ ಹೆಣ್ಣುಮಕ್ಕಳಿಗೂ ಆ ದುಡ್ಡು ಬಂತು.

"2016ರಲ್ಲಿ ಯೂನಿಯನ್ ಇಲ್ಲದೆಯೂ ಗೆದ್ದರಲ್ಲ" ಅಂತ ಕೆಲವರು ಕೇಳುತ್ತಾರೆ. ನಿಜ. ಆ ವರ್ಷ ಏಪ್ರಿಲ್ 18, 19ರಂದು ಪಿ.ಎಫ್. ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗೆ ಸಾವಿರಾರು ಹೆಣ್ಣುಮಕ್ಕಳು ಇಳಿದರು. ಕೇಂದ್ರ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು. ಆದರೆ ಕಲ್ಲು ತೂರಾಟ, ವಾಹನಗಳಿಗೆ ಬೆಂಕಿ, ಲಾಠಿ ಪೆಟ್ಟು ಎಲ್ಲವೂ ಆಯಿತು. 2020ರ ಡಿಸೆಂಬರ್‌ನಲ್ಲಿ ಕೋಲಾರದ ನರಸಾಪುರದ ಕಾರ್ಖಾನೆಯಲ್ಲಿ ಸಂಬಳದ ಸಿಟ್ಟು ಹೇಗೆ ಸಿಡಿಯಿತು ಅಂತ ಟಿ.ವಿ.ಯಲ್ಲಿ ನೋಡಿದ್ದೀರಿ. ಮಾತಾಡುವುದಕ್ಕೆ ಬಾಗಿಲು ಇಲ್ಲದ ಕಡೆ ಸಿಟ್ಟು ಕಿಟಕಿ ಒಡೆಯುತ್ತದೆ. ಬಾಗಿಲು ಇಡುವುದು ಮಾಲೀಕರಿಗೂ ಒಳ್ಳೆಯದು.

ಹಾಗಂತ ಸುಲಭ ಅಂತ ನಾನು ಹೇಳುವುದಿಲ್ಲ. ಸಂಘಕ್ಕೆ ಸೇರಿದ ಕಾರಣಕ್ಕೆ ಕೆಲಸದಿಂದ ತೆಗೆಯುವುದು ಕಾನೂನಿನಲ್ಲಿ ತಪ್ಪು. ಆದರೆ "ಟಾರ್ಗೆಟ್ ಮುಟ್ಟಲಿಲ್ಲ", "ಶಿಸ್ತಿಲ್ಲ" ಅಂತ ಬೇರೆ ನೆಪ ಬರೆಯುತ್ತಾರೆ. ಕೇಸು ವರ್ಷಗಟ್ಟಲೆ ಎಳೆಯುತ್ತದೆ. ಸಾಲದ ಕಂತು ಮಾತ್ರ ತಿಂಗಳು ತಿಂಗಳು ಬರುತ್ತದೆ. 2020ರಲ್ಲಿ ಶ್ರೀರಂಗಪಟ್ಟಣದಲ್ಲಿ ಸಾವಿರಕ್ಕೂ ಹೆಚ್ಚು ಕಾರ್ಮಿಕರಿದ್ದ ಗಾರ್ಮೆಂಟ್ಸ್ ಮುಚ್ಚಿದಾಗ ಹೆಣ್ಣುಮಕ್ಕಳು ವಾರಗಟ್ಟಲೆ ಧರಣಿ ಕೂತರು. ಸಂಘಕ್ಕೂ ಕಂಪನಿಗೂ ಒಪ್ಪಂದವಾದದ್ದು 2021ರಲ್ಲಿ. ನಡುವಿನ ತಿಂಗಳುಗಳಲ್ಲಿ ಆ ಮನೆಗಳು ಹೇಗೆ ನಡೆದಿರಬೇಕು, ಯೋಚಿಸಿ.

ಅದಕ್ಕೆ ಮಕ್ಕಳಿಗೆ ನಾನು ಹೇಳುವುದಿಷ್ಟು. ಸೇರಿ, ಆದರೆ ಒಂಟಿಯಾಗಿ ಸೇರಬೇಡಿ. ಲೈನಿನ ಹತ್ತು ಜನ ಒಟ್ಟಿಗೆ ಸೇರಿ. ಕೆಲಸದ ಆದೇಶ, ಪೇ ಸ್ಲಿಪ್, ಗುರುತಿನ ಚೀಟಿ ಇವುಗಳ ಜೆರಾಕ್ಸ್ ಮನೆಯಲ್ಲಿರಲಿ. ಖಾಲಿ ಹಾಳೆಗೆ, ರಾಜೀನಾಮೆ ಪತ್ರಕ್ಕೆ ಯಾರು ಹೇಳಿದರೂ ಸಹಿ ಹಾಕಬೇಡಿ. "ನಮ್ಮಲ್ಲಿ ಕುಂದುಕೊರತೆ ಸಮಿತಿ ಇದೆ, ಯೂನಿಯನ್ ಯಾಕೆ" ಅಂದರೆ ಆ ಸಮಿತಿಗೂ ಹೋಗಿ, ದೂರನ್ನು ಬರೆದು ಕೊಡಿ. ಆದರೆ ಆ ಸಮಿತಿಯವರೂ ಅದೇ ಕಂಪನಿಯ ಸಂಬಳದವರು, ಅವರನ್ನೇ ತೆಗೆದರೆ ಕೇಳುವವರು ಹೊರಗೊಬ್ಬರು ಬೇಕು. ಹಾಗೆಯೇ ಯೂನಿಯನ್ನಿನವರನ್ನೂ ಕಣ್ಣು ಮುಚ್ಚಿ ನಂಬಬೇಡಿ. ನೋಂದಣಿ ನಂಬರ್ ಕೇಳಿ, ಚಂದಾಕ್ಕೆ ರಸೀದಿ ಕೇಳಿ, ವರ್ಷದ ಲೆಕ್ಕ ಕೇಳಿ. ನಮ್ಮ ಸರ್ವ ಸದಸ್ಯರ ಸಭೆಯಲ್ಲಿ ಆಡಿಟ್ ವರದಿ ಕೇಳೋದಿಲ್ಲವೇ, ಹಾಗೆ. ಲೆಕ್ಕ ಕೊಡದ ಸಂಘ ಯಾವುದಾದರೂ ಸರಿ, ದೂರ ಇರಿ.

ಅಪ್ಪ ಅಮ್ಮಂದಿರಿಗೂ ಒಂದು ಮಾತು. "ನಿನಗ್ಯಾಕೆ ಬೇಕು ಊರ ಉಸಾಬರಿ, ಸುಮ್ಮನೆ ಕೆಲಸ ಮಾಡ್ಕೊಂಡು ಬಾ" ಅಂತ ಬೈಯುತ್ತೇವೆ. ಡೇರಿಯಲ್ಲಿ ಒಂದು ಪಾಯಿಂಟ್ ಫ್ಯಾಟ್ ಕಡಿಮೆ ತೋರಿಸಿದರೆ ನಾವು ಸುಮ್ಮನಿರುತ್ತೇವೆಯೇ? ನಮಗೊಂದು ನ್ಯಾಯ, ಮಕ್ಕಳಿಗೊಂದು ನ್ಯಾಯ ಆಗಬಾರದು.

ಕೊನೆಯ ಮಾತು ಆಡಳಿತ ಮಂಡಳಿಯ ನಮಗೇ. ನಾವೂ ಸಂಬಳ ಕೊಡುವವರು. ನಮ್ಮ ಕಾರ್ಯದರ್ಶಿ, ಹಾಲು ಪರೀಕ್ಷಕ, ಸಹಾಯಕ ಇವರಿಗೆ ಧಣಿ ಅಂದರೆ ಈ ಸಂಘವೇ. ಹಬ್ಬ ಇರಲಿ, ಮಳೆ ಇರಲಿ, ಎರಡು ಹೊತ್ತೂ ಡೇರಿ ಬಾಗಿಲು ತೆಗೆದವರು ಅವರು. ಅವರು ತಾಲ್ಲೂಕಿನ ನೌಕರರ ಸಂಘಕ್ಕೆ ಸೇರುತ್ತೇವೆ ಅಂದಾಗ ಮಂಡಳಿಯಲ್ಲಿ ಕೆಲವರ ಮುಖ ಗಂಟಾಯಿತು. ಒಟ್ಟಾಗಿ ನಿಂತೇ ಬೆಳೆದ ನಾವು, ಇನ್ನೊಬ್ಬರು ಒಟ್ಟಾಗುವುದನ್ನು ತಡೆದರೆ ಗೋಡೆ ಮೇಲೆ ಬರೆಸಿರುವ "ಎಲ್ಲರಿಗಾಗಿ ತಾನು, ತನಗಾಗಿ ಎಲ್ಲರು" ಅನ್ನುವುದನ್ನು ಅಳಿಸಬೇಕಾಗುತ್ತದೆ. ಅವರನ್ನು ಕರೆದು, ಕೂರಿಸಿ, ಮಾತಾಡೋಣ. ಕೊಡಲು ಆಗುವುದನ್ನು ಕೊಡೋಣ, ಆಗದಿದ್ದರೆ ಲೆಕ್ಕದ ಪುಸ್ತಕ ತೆರೆದು ತೋರಿಸೋಣ. ಈ ವಿಷಯವನ್ನು ಮುಂದಿನ ಮಂಡಳಿ ಸಭೆಯ ಅಜೆಂಡಾಕ್ಕೆ ಸೇರಿಸಬೇಕೆಂದು ಅಧ್ಯಕ್ಷರನ್ನು ಈ ಸಭೆಯ ಮುಂದೆಯೇ ಕೇಳಿಕೊಳ್ಳುತ್ತೇನೆ.